ದಾಳದ ಮುಂದೆ ಒಬ್ಬರೋ, ನಾಲ್ವರೋ?

ಪಾತ್ರ ತಳೆದು ಆಡುವ ಮೇಜಿನಾಟಗಳು, ಆಡುವವರ ಬಾಯಲ್ಲಿ ಆರ್‌ಪಿಜಿ ಎನಿಸಿಕೊಂಡಿರುವ ಆಟಗಳು, ಹುಟ್ಟಿದ್ದು ಕೂಟದಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಆಟದ ಏರ್ಪಾಡು ಸರಳವಾಗಿತ್ತು. ಕಥೆ ನಡೆಸುವವರು ಒಬ್ಬರು, ಅವರ ಎದುರಿಗೆ ಕೆಲವರು. ನಡೆಸುವವರು ಸನ್ನಿವೇಶ ಹೇಳುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ, ಫಲ ಏನಾದೀತೆಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಆದರೆ ಕೂಟ ಸೇರದ ಊರುಗಳಲ್ಲಿ ಏನು ಮಾಡುವುದೆಂಬ ಪ್ರಶ್ನೆ ಏಳಲು ಬಹುಕಾಲ ಹಿಡಿಯಲಿಲ್ಲ. 1975ರ ವಸಂತದಲ್ಲಿ ಬಂದ ‘ದಿ ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಒಬ್ಬರೇ ಆಡುವ ಕ್ರಮವನ್ನು ಗೈಗ್ಯಾಕ್ಸ್ ಬರೆದರು. 1976ರಲ್ಲಿ ರಿಕ್ ಲೂಮಿಸ್ ಅವರ ‘ಬಫಲೋ ಕ್ಯಾಸಲ್’ ಬಂತು; ‘ಟನಲ್ಸ್ ಅಂಡ್ ಟ್ರೋಲ್ಸ್’ ಎಂಬ ಆಟಕ್ಕಾಗಿ ಬರೆದ ಆ ಪುಸ್ತಕವನ್ನು ಒಬ್ಬರು ಕೂತು ಆಡಿ ಮುಗಿಸಬಹುದಿತ್ತು. ಒಂಟಿಯಾಗಿ ಆಡುವ ಸಾಹಸಕ್ಕೂ ಕೂಡಿ ಆಡುವ ಸಾಹಸಕ್ಕೂ ಹೀಗೆ ಹೆಚ್ಚುಕಡಿಮೆ ಒಂದೇ ವಯಸ್ಸು. ಇವೆರಡರಲ್ಲಿ ಯಾವುದು ಹೆಚ್ಚು ತಕ್ಕದ್ದು ಎಂಬ ವಾದವೂ ಅಷ್ಟೇ ಹಳೆಯದು, ಎರಡು ಕಡೆಯವರೂ ಪ್ರಾಮಾಣಿಕವಾಗಿಯೇ ವಾದಿಸುತ್ತಾರೆ.

ಈ ವಾದವನ್ನು ಬೆಂಗಳೂರಿನ ಕೆಫೆಯೊಂದರಲ್ಲಿ ಇಟ್ಟು ನೋಡಿದರೆ ಅದು ಬರೀ ರುಚಿಯ ಮಾತಾಗಿ ಮುಗಿಯುತ್ತದೆ. ಅಲ್ಲಿ ಜನರೂ ಸಿಗುತ್ತಾರೆ, ಮೇಜೂ ಸಿಗುತ್ತದೆ. ಒಬ್ಬರೇ ಆಡುವುದು ಅವರವರ ಇಷ್ಟ. ತಾಳವಾಡಿ ಬೆಟ್ಟಸೀಮೆಯಲ್ಲಿ ಇಟ್ಟು ನೋಡಿದರೆ ಅದೇ ಪ್ರಶ್ನೆಗೆ ತೂಕ ಬರುತ್ತದೆ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಮನೆಮಾತು ಬಹುಪಾಲು ಕನ್ನಡ. ಜಿಲ್ಲಾಕೇಂದ್ರದ ಕಡೆಗೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ದಾಟಿ ಬಣ್ಣಾರಿಗೆ ಬರಬೇಕು. ಇನ್ನೊಂದು ಕಡೆಗೆ ಹೋದರೆ ಚಾಮರಾಜನಗರ ಹತ್ತಿರ. 1956ರ ನವೆಂಬರ್ 1ರಂದು ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಊರುಗಳ ಸುತ್ತ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಿದೆ. ಇಂಥ ಕಡೆ ಕನ್ನಡ ಓದಬಲ್ಲ ಹದಿಹರೆಯದ ಹುಡುಗಿಗೋ ಹುಡುಗನಿಗೋ ಈ ಆಟದ ರುಚಿ ಹತ್ತಿಸಬೇಕೆಂದು ಒಬ್ಬ ಮೇಷ್ಟ್ರು ಹೊರಟರೆ, ಕೈಗೆ ಕೊಡಬೇಕಾದ್ದು ಒಬ್ಬರೇ ಆಡುವ ಪುಸ್ತಕವನ್ನೋ, ನಾಲ್ವರು ಕೂಡಿ ಆಡುವ ಕಟ್ಟನ್ನೋ? ಕನ್ನಡದಲ್ಲಿ ಈ ಪ್ರಕಾರ ಇನ್ನೂ ಬೇರೂರದಿರುವುದರಿಂದ ಮೊದಲ ಆಯ್ಕೆಯೇ ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಒಂಟಿಯಾಟದ ಪರವಾಗಿ ಹೇಳಬಹುದಾದ ಮೊದಲ ಮಾತು ನೆಲದ ಸ್ಥಿತಿಯದು. ಕೂಡಿ ಆಡುವವರು ಒಮ್ಮೆ ಕೂತರೆ ಮೂರು ನಾಲ್ಕು ಗಂಟೆ ಬೇಕು. ಹಗಲು ಹೊಲದ್ದು, ಶಾಲೆಯದು. ಬಿಡುವು ಸಿಗುವುದು ಕತ್ತಲಾದ ಮೇಲೆ. ಕತ್ತಲಾದ ಮೇಲೆ ಕಾಡಂಚಿನ ಊರುಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೂ ಯೋಚಿಸಿ ಮಾಡಬೇಕಾದ ಕೆಲಸ. ಆನೆ ಬೆಳೆಗೆ ಇಳಿಯುವ ಕಾಲದಲ್ಲಿ ಗಂಡಸರು ಹೊಲದ ಅಟ್ಟಣೆಯಲ್ಲಿ ಕಾವಲಿರುತ್ತಾರೆ. ದಿಂಬಂ ದಾರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಅದು ಕಾಡುಪ್ರಾಣಿಗಳ ಹಿತಕ್ಕಾಗಿ ಆದದ್ದು, ಆದರೂ ಕತ್ತಲಾದರೆ ಕೆಳಗಿನಿಂದ ಯಾರೂ ಬರಲಾರರೆಂಬ ಭಾವವನ್ನು ಅದು ಇನ್ನಷ್ಟು ಗಟ್ಟಿಮಾಡಿದೆ. ವೀಡಿಯೊ ಕರೆಯಲ್ಲಿ ಕೂಟ ಸೇರಿಸೋಣವೆಂದರೆ ಕಾಡಿನ ನಡುವಣ ಹಾಡಿಗಳಲ್ಲಿ ಸಿಗ್ನಲ್ಲನ್ನು ನೆಚ್ಚುವಂತಿಲ್ಲ. ಪುಸ್ತಕಕ್ಕೆ ಇದಾವುದೂ ಅಡ್ಡಿಯಲ್ಲ. ಹೊರಗೆ ಪಟಾಕಿ ಸದ್ದು ಕೇಳಿಸಿತು, ಆನೆ ಬಂದಿದೆ ಎಂದು ಯಾರೋ ಕೂಗಿದರು ಎಂದಾದರೆ ಪುಟದ ಮೂಲೆ ಮಡಚಿ ಎದ್ದುಹೋಗಬಹುದು, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಕೂಟ ಮಾತ್ರ ಒಮ್ಮೆ ಚದುರಿದರೆ ಮತ್ತೆ ಯಾವಾಗ ಕೂಡೀತೆಂದು ಹೇಳುವುದು ಕಷ್ಟ.

ಇದಕ್ಕೆ ಎದುರುವಾದವೂ ಅದೇ ನೆಲದಿಂದಲೇ ಏಳುತ್ತದೆ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕತ್ತಲು, ಕಾಡು, ದೂರ ಇವು ತಾಳವಾಡಿ, ಚಾಮರಾಜನಗರ, ಕೊಳ್ಳೇಗಾಲಗಳ ಜನರಿಗೆ ಹೊಸವಲ್ಲ. ಇವೆಲ್ಲ ಇದ್ದಾಗಲೇ ಅವರು ಇಡೀ ರಾತ್ರಿ ಕೂತು ಕಥೆ ಕೇಳಿದವರು. ಕಂಸಾಳೆ ಹಿಡಿದ ದೇವರಗುಡ್ಡರು ಮಲೆಯ ಮಾದಪ್ಪನ ಕಾವ್ಯ ಹಾಡಿದರು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಾವ್ಯ ಹಾಡಿದರು. ಕಾವ್ಯದ ಏರ್ಪಾಡನ್ನು ಗಮನಿಸಿದರೆ ಕೂಟವಾದಿಗಳ ಮಾತಿಗೆ ಬಲ ಬರುತ್ತದೆ. ಮಾದೇಶ್ವರನ ಕಥೆ ‘ಸಾಲು’ಗಳಾಗಿ ಹರಡಿಕೊಂಡಿದೆ: ಶ್ರವಣಾಸುರನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಕೇಳುವವರಿಗೆ ಬೇಕಾದ ಸಾಲನ್ನು ಅಂದಿನ ರಾತ್ರಿಯ ಹೊತ್ತಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಹಾಡಲು ಅದರಲ್ಲಿ ಎಡೆಯಿದೆ. ಮುಂದಾಳು ಕಥೆ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಮೇಜಿನಾಟದಲ್ಲಿ ಕಥೆ ನಡೆಸುವವರು ಮಾಡುವ ಕೆಲಸದ ಹತ್ತಿರದ ನೆಂಟ ಈ ಕಲೆ. ಇದನ್ನು ಬಲ್ಲ ನಾಡಿಗೆ ಒಂಟಿಯಾಗಿ ಪುಟ ತಿರುವುವ ಆಟವನ್ನು ಮೊದಲು ಕೊಡುವುದೆಂದರೆ ಇರುವ ಶಕ್ತಿಯನ್ನು ಬದಿಗಿಟ್ಟು ಇಲ್ಲದ್ದನ್ನು ತಂದುಕೊಟ್ಟಂತೆ ಎಂದು ಅವರು ಹೇಳುತ್ತಾರೆ.

ಸಂಕಮ್ಮನ ಸಾಲನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಲಗೈ ಭಾಷೆ ಕೊಡಲೊಲ್ಲದ ಸಂಕಮ್ಮನನ್ನು ಗಂಡ ಕಾಡಿನ ನಡುವಣ ಗುಡಿಸಲಲ್ಲಿ ಬಿಟ್ಟು ಜೇನಿಗೆ ಹೋಗುತ್ತಾನೆ. ಅವಳ ಸುತ್ತ ಯಾರೂ ಇಲ್ಲ. ಕನ್ನಡದಲ್ಲಿ ಒಬ್ಬಂಟಿತನದ ಇಷ್ಟು ಗಾಢವಾದ ಚಿತ್ರ ಹೆಚ್ಚಿಲ್ಲ. ಒಂಟಿ ಸಾಹಸಕ್ಕೆ ಇದಕ್ಕಿಂತ ಮಿಗಿಲಾದ ಸನ್ನಿವೇಶವನ್ನು ಯಾವ ಆಟಗಾರರೂ ಕಲ್ಪಿಸಲಾರರು. ಆದರೆ ಆ ಒಂಟಿತನ ನಮಗೆ ತಲುಪಿದ್ದು ಗುಂಪಿನ ದನಿಯಲ್ಲಿ, ಗುಂಪಿನ ಕಿವಿಗೆ. ಅವಳು ಮಾದಪ್ಪನನ್ನು ಕೂಗುವಾಗ ಹಿಮ್ಮೇಳವೂ ಜೊತೆಗೆ ಕೂಗುತ್ತದೆ. ಕೂಟವಾದಿಗಳು ಇದರಿಂದ ತೆಗೆಯುವ ತೀರ್ಮಾನ ಇದು: ಪಾತ್ರ ಒಂಟಿಯಾಗಿರಲಿ, ಆ ಪಾತ್ರವನ್ನು ಹೊರುವವರು ಒಂಟಿಯಾಗಬೇಕಿಲ್ಲ. ಒಬ್ಬಂಟಿತನ ಸಹಿಸಲು ಸಾಧ್ಯವಾಗುವುದೂ ಅದಕ್ಕೆ ಅರ್ಥ ಮೂಡುವುದೂ ಕೇಳುವವರಿದ್ದಾಗ.

ಒಂಟಿಯಾಟದವರು ಇದೇ ಪರಂಪರೆಯೊಳಗಿಂದ ಇನ್ನೊಂದು ಸಾಕ್ಷಿ ತರಬಲ್ಲರು. ಅಳಿಗುಳಿಮಣೆ ಸಾಮಾನ್ಯವಾಗಿ ಇಬ್ಬರ ಆಟ. ಆದರೆ ಅದನ್ನು ಒಬ್ಬರೇ ಆಡುವ ಬಗೆಯೂ ಇದೆ. ತಮಿಳಿನಲ್ಲಿ ಅದಕ್ಕೆ ಸೀತಾಪಾಂಡಿ ಎಂದು ಹೆಸರು. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ತಾನೊಬ್ಬಳೇ ಹೀಗೆ ಆಡಿದಳೆಂಬುದು ಅದರ ಹಿಂದಿನ ನಂಬಿಕೆ. ಆಟ ಒಬ್ಬರದಾಗಬಹುದು ಎಂಬುದನ್ನು ಜನಪದವೇ ಒಪ್ಪಿಕೊಂಡಿದೆ, ಒಪ್ಪಿಕೊಂಡು ಅದಕ್ಕೊಂದು ಪೂಜ್ಯ ಹೆಸರನ್ನೂ ಕೊಟ್ಟಿದೆ. ಎಲ್ಲ ಆಟವೂ ಹೀಗೆ ಒಂಟಿಯಾಗಿ ಬಾಳಲಾರದು ಎಂಬುದೂ ನಿಜ. ಹುಲಿಕುರಿ ಆಟವನ್ನು ಒಬ್ಬರೇ ಎರಡು ಕಡೆಯೂ ಆಡಿದರೆ ಹುಲಿಯ ಹೊಂಚು ಕುರಿಗೆ ಮೊದಲೇ ಗೊತ್ತು, ಅಲ್ಲಿಗೆ ಆಟ ಸತ್ತಿತು. ಪಾತ್ರದ ಆಟಕ್ಕೆ ಆ ತೊಡಕಿಲ್ಲ. ಅಲ್ಲಿ ಎದುರಾಳಿಯನ್ನು ಸೋಲಿಸುವುದು ಗುರಿಯಲ್ಲ. ಮುಂದೇನಾಯಿತು ಎಂಬ ಕುತೂಹಲವೇ ಆಟವನ್ನು ನಡೆಸುತ್ತದೆ, ಆ ಕುತೂಹಲಕ್ಕೆ ಒಬ್ಬರು ಸಾಕು.

ಒಬ್ಬರು ಸಾಕೇ ಎಂಬುದು ಒಂಟಿಯಾಟ ಹೇಗೆ ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ಎಲ್ಲ ಒಂಟಿ ಸಾಹಸಗಳೂ ಒಂದೇ ಜಾತಿಯವಲ್ಲ. ಹೆಚ್ಚು ಜನಕ್ಕೆ ಗೊತ್ತಿರುವುದು ಅಂಕಿ ಹಾಕಿದ ತುಣುಕುಗಳ ಪುಸ್ತಕ. 1982ರಲ್ಲಿ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಬರೆದ ‘ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಇದರ ಮಾದರಿ. ಅದರಲ್ಲಿ 400 ತುಣುಕುಗಳಿವೆ. ಎಡಕ್ಕೆ ಹೋದರೆ ಇಂಥ ಅಂಕಿ, ಬಲಕ್ಕೆ ಹೋದರೆ ಇಂಥ ಅಂಕಿ, ಕಾದಾಟ ಬಂದರೆ ಎರಡು ದಾಳ. ಇಲ್ಲಿ ಕಥೆ ನಡೆಸುವವರು ಇಲ್ಲದಿಲ್ಲ. ಅವರು ಮೊದಲೇ ಬರೆದಿಟ್ಟು ಹೋಗಿದ್ದಾರೆ ಅಷ್ಟೆ. ಎರಡನೆಯ ಜಾತಿಯದು ಶಕುನ ಕೇಳುವ ಆಟ. 2003ರ ‘ಮಿಥಿಕ್’ ಈ ದಾರಿಯನ್ನು ಚೆನ್ನಾಗಿ ತೋರಿಸಿತು. ಆಡುವವರು ಪ್ರಶ್ನೆ ಹಾಕುತ್ತಾರೆ: ತಿರುವಿನಾಚೆ ಆನೆ ನಿಂತಿದೆಯೇ? ಅದು ಎಷ್ಟರಮಟ್ಟಿಗೆ ಸಂಭವ ಎಂದು ತಾವೇ ಅಂದಾಜು ಮಾಡಿ ದಾಳ ಉರುಳಿಸುತ್ತಾರೆ. ಹೌದು, ಇಲ್ಲ ಎಂಬ ಉತ್ತರದ ಜೊತೆಗೆ ಕೆಲವೊಮ್ಮೆ ಯಾರೂ ನೆನೆಸದ ಘಟನೆಯೊಂದು ತಲೆಹಾಕುತ್ತದೆ. 2018ರಲ್ಲಿ ಶಾನ್ ಟಾಮ್ಕಿನ್ ಉಚಿತವಾಗಿ ಬಿಟ್ಟ ‘ಐರನ್‌ಸ್ವಾರ್ನ್’ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರಲ್ಲಿ ಆರು ಮುಖದ ಒಂದು ದಾಳಕ್ಕೆ ಪಾತ್ರದ ಬಲ ಕೂಡಿಸಿ ಹತ್ತು ಮುಖದ ಎರಡು ದಾಳಗಳ ಜೊತೆ ಹೋಲಿಸಬೇಕು. ಎರಡನ್ನೂ ಮೀರಿದರೆ ಗೆಲುವು, ಒಂದನ್ನಷ್ಟೇ ಮೀರಿದರೆ ಏನನ್ನೋ ತೆತ್ತು ಪಡೆದ ಗೆಲುವು, ಎರಡನ್ನೂ ಮೀರದಿದ್ದರೆ ಸಂಕಟ. ದಿನಚರಿ ಬರೆಯುತ್ತಾ ಆಡುವ ಮೂರನೆಯ ಜಾತಿಯದೂ ಇದೆ. ಅದು ಆಟಕ್ಕಿಂತ ಬರವಣಿಗೆಗೆ ಹತ್ತಿರ, ಇಲ್ಲಿ ಹೆಚ್ಚು ಬೆಳೆಸಬೇಕಿಲ್ಲ.

ಕೂಟವಾದಿಗಳ ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರಾಗುವುದು ಇಲ್ಲೇ. ದಾಳ ಘಟನೆಯನ್ನು ಕೊಡುತ್ತದೆ. ಆ ಘಟನೆಗೆ ಅರ್ಥ ಕೊಡುವವರು ಆಡುವವರೇ. ತಿರುವಿನಾಚೆ ಆನೆ ಇದೆ ಎಂದು ದಾಳ ಹೇಳಿತು. ಆ ಆನೆ ಕೆರಳಿದೆಯೋ, ಮರಿಯ ಜೊತೆಗಿದೆಯೋ, ನನ್ನ ಪಾತ್ರ ಹೆದರಿ ಓಡಿದ್ದು ಹೇಡಿತನವೋ ವಿವೇಕವೋ ಎಂಬುದನ್ನೆಲ್ಲ ನಾನೇ ಹೇಳಿಕೊಳ್ಳಬೇಕು, ನಾನೇ ಒಪ್ಪಬೇಕು. ಮನುಷ್ಯ ತನಗೆ ತಾನು ತೀರ್ಪು ಕೊಡುವಾಗ ತೋರಿಸುವ ಸಡಿಲ ಎಲ್ಲರಿಗೂ ಗೊತ್ತಿರುವುದೇ. ಎದುರಿಗೆ ಇನ್ನೊಬ್ಬರಿದ್ದರೆ ಅವರು ಒಪ್ಪದೆ ಹೋಗಬಹುದು. ‘ಅಲ್ಲ ಕಣೋ, ಸೋಲಿಗರ ಹುಡುಗ ಆನೆ ಕಂಡು ಹಂಗೆ ಕಿರುಚ್ಕೊತಾನಾ?’ ಎಂದು ಗೆಳೆಯ ಕೇಳಿದ ಕ್ಷಣದಲ್ಲಿ ಕಥೆ ಬೇರೆ ದಾರಿ ಹಿಡಿಯುತ್ತದೆ. ಇಂಥ ಒಂದು ಅಡ್ಡಮಾತಿಗೆ ಸಮನಾದದ್ದನ್ನು ದಾಳದ ಫಲಗಳ ಯಾವ ಪಟ್ಟಿಯೂ ಕೊಡಲಾರದು. ಅಂಕಿ ಹಾಕಿದ ಪುಸ್ತಕದ ಮಿತಿ ಇನ್ನೂ ಬಿಗಿಯಾದದ್ದು. ಕಾವಲುಗಾರನ ಜೊತೆ ಕಾದಾಡಬಹುದು, ನುಸುಳಿಹೋಗಬಹುದು ಎಂದು ಪುಸ್ತಕ ಎರಡು ದಾರಿ ಕೊಟ್ಟಿದ್ದರೆ ಅವನ ಪಕ್ಕ ಕೂತು ಎಲೆಯಡಿಕೆ ಹಂಚಿಕೊಂಡು ಮಾತಾಡಿಸುವ ದಾರಿ ಇಲ್ಲ. ಹಳ್ಳಿಯ ಮಗುವಿಗೆ ಮೊದಲು ಹೊಳೆಯುವುದು ಅದೇ ದಾರಿಯಾಗಿರಬಹುದು.

ಆದರೂ ಕೂಟವೆಂದರೆ ನ್ಯಾಯದ ಚಾವಡಿ ಎಂದು ಸುಮ್ಮನೆ ಒಪ್ಪಿಕೊಳ್ಳಬಾರದು. ನಾಲ್ವರು ಕೂತಲ್ಲಿ ನಾಲ್ಕು ದನಿಯೂ ಕೇಳಿಸುತ್ತದೆ ಎಂಬ ಭರವಸೆ ಇಲ್ಲ. ಗಟ್ಟಿದನಿಯ ಒಬ್ಬ ಎಲ್ಲರ ಪಾತ್ರಗಳನ್ನೂ ತಾನೇ ಆಡಿಸುತ್ತಾನೆ, ನಾಚುವ ಮಗು ತನ್ನ ಸರದಿ ಬಂದಾಗ ‘ನಾನೂ ಹಂಗೇ ಮಾಡ್ತೀನಿ’ ಎಂದು ಮುಗಿಸುತ್ತದೆ. ಹದಿಮೂರು ಹದಿನಾಲ್ಕು ದಾಟಿದ ಹುಡುಗಿಯನ್ನು ರಾತ್ರಿ ಪಕ್ಕದ ಬೀದಿಯ ಕೂಟಕ್ಕೆ ಕಳಿಸುವ ಮನೆಗಳು ಎಷ್ಟಿವೆ? ಇನ್ನೂ ಮುಖ್ಯವಾದದ್ದು, ಯಾರ ಜಗಲಿಯ ಮೇಲೆ ಯಾರು ಕೂರಬಹುದು ಎಂಬ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಪೂರ್ತಿ ಅಳಿದಿಲ್ಲ. ಬೀದಿ ಬೀದಿಗೂ ಕೇರಿ ಕೇರಿಗೂ ನಡುವೆ ಗೆರೆ ಉಳಿದಿರುವಲ್ಲಿ ಕೂಟದ ಆಟ ಆ ಗೆರೆಯನ್ನೇ ಅನುಸರಿಸುವ ಸಂಭವ ಹೆಚ್ಚು. ಪುಸ್ತಕ ಅಂಥ ಗೆರೆ ನೋಡುವುದಿಲ್ಲ. ಹಾಡಿಯ ಮಗುವಿಗೂ ಊರ ನಡುವಣ ಮಗುವಿಗೂ ಅದು ಒಂದೇ ಅರಣ್ಯವನ್ನು ತೆರೆಯುತ್ತದೆ, ಇಬ್ಬರನ್ನೂ ಒಂದೇ ಬಗೆಯಲ್ಲಿ ಸಂಬೋಧಿಸುತ್ತದೆ. ಒಂಟಿಯಾಟದ ಪರವಾದ ವಾದಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಕೂಟವಾದಿಗಳು ಈ ಮಾತನ್ನು ಅಲ್ಲಗಳೆಯುವುದಿಲ್ಲ; ಅದೇ ಕಾರಣಕ್ಕೆ ಕೂಟ ಬೇಕು ಎನ್ನುತ್ತಾರೆ. ಗೆರೆಯ ಎರಡು ಕಡೆಯ ಮಕ್ಕಳಿಗೆ ಎರಡು ಪುಸ್ತಕ ಕೊಟ್ಟರೆ ಇಬ್ಬರೂ ಸುಖವಾಗಿ ಆಡಿಕೊಂಡಾರು, ಗೆರೆಯೂ ಸುಖವಾಗಿ ಉಳಿದೀತು. ಒಂದು ಮೇಜಿನ ಸುತ್ತ ಕೂತು ಒಬ್ಬನ ಪಾತ್ರ ಇನ್ನೊಬ್ಬಳ ಪಾತ್ರವನ್ನು ಹಳ್ಳದಿಂದ ಎತ್ತಬೇಕಾಗಿ ಬಂದಾಗ ಆಗುವ ಬದಲಾವಣೆ ಸಣ್ಣದಿರಬಹುದು, ಆದರೂ ಅದು ಬದಲಾವಣೆಯೇ. ವೇಷ ಹಾಕಿದಾಗ ಊರಿನ ನಿಯಮ ತುಸು ಸಡಿಲವಾಗುತ್ತದೆಂಬುದಕ್ಕೆ ಇದೇ ಸೀಮೆಯ ಗುಮಟಾಪುರದ ಗೊರೆ ಹಬ್ಬ ಇದೆ. ದೀಪಾವಳಿಯ ಬೆನ್ನಿಗೆ ಬರುವ ಆ ಹಬ್ಬದಲ್ಲಿ ಚಾಡಿಕೋರನ ವೇಷದವನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ, ಆಮೇಲೆ ಸಗಣಿ ಉಂಡೆಗಳ ಎರಚಾಟ. ಚಾಡಿಕೋರ ಒಬ್ಬನೇ ಮನೆಯಲ್ಲಿ ಕೂತು ಚಾಡಿಕೋರನಾಗಲಾರ. ನೋಡುವ, ನಗುವ, ಬೈಯುವ ಊರು ಬೇಕು. ಈ ವಾದದಲ್ಲಿ ಸತ್ವವಿದೆ. ಆದರೆ ಅದು ಊರಿನ ಒಳ್ಳೆಯತನದ ಮೇಲೆ ಇಡುವ ಭರವಸೆ ಸ್ವಲ್ಪ ಹೆಚ್ಚೇ ಎನಿಸುತ್ತದೆ.

ಇನ್ನು ಭಾಷೆಯ ವಿಷಯ. ತಾಳವಾಡಿಯ ಮಟ್ಟಿಗೆ ಇದನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಇಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಹಂತ ಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಆ ರಾಜ್ಯದಲ್ಲಿ ಬದುಕು ಕಟ್ಟಿಕೊಳ್ಳುವ ಮಗುವಿಗೆ ತಮಿಳು ಬೇಕೇ ಬೇಕು ಎಂಬುದರಲ್ಲಿ ತಕರಾರಿಲ್ಲ. ಕನ್ನಡದ ಪಾಲಿಗೆ ಉಳಿಯುವ ಹೊತ್ತು ಕಡಿಮೆಯಾಯಿತು ಎಂಬುದೂ ಅಷ್ಟೇ ನಿಜ. ಹೀಗಿರುವಾಗ ಪಠ್ಯಪುಸ್ತಕದ ಆಚೆ ಮಗು ತಾನಾಗಿ ಕೈಗೆತ್ತಿಕೊಂಡು ಓದುವ ಕನ್ನಡ ಯಾವುದು ಎಂಬ ಪ್ರಶ್ನೆಗೆ ಒಂಟಿ ಸಾಹಸದ ಪುಸ್ತಕ ಒಳ್ಳೆಯ ಉತ್ತರವಾಗಬಲ್ಲದು. ಅಲ್ಲಿ ಓದುವುದೇ ಆಡುವುದು. ಒಂದು ಸಾಲು ತಪ್ಪಾಗಿ ಓದಿದರೆ ಪಾತ್ರ ಹಳ್ಳಕ್ಕೆ ಬೀಳುತ್ತದೆ, ಆದ್ದರಿಂದ ಮಗು ನಿಧಾನಿಸಿ ಓದುತ್ತದೆ. ಒಂದು ದಾರಿ ಮುಗಿದ ಮೇಲೆ ಇನ್ನೊಂದು ದಾರಿ ಹಿಡಿಯಲು ಮತ್ತೆ ಮೊದಲಿನಿಂದ ಓದುತ್ತದೆ. ಯಾರೂ ಹೇಳದೆ ಪುಸ್ತಕವೊಂದನ್ನು ಮೂರು ನಾಲ್ಕು ಸಲ ಓದಿಸುವ ಗುಣ ಬೇರೆ ಬರವಣಿಗೆಗೆ ಅಪರೂಪ.

ಎದುರು ಪಕ್ಷ ಕೇಳುವುದು ಇದು: ತಾಳವಾಡಿಯಲ್ಲಿ ಸೊರಗುತ್ತಿರುವುದು ಓದುವ ಕನ್ನಡ ಮಾತ್ರವೇ? ಅಲ್ಲಿಯ ಆಡುಗನ್ನಡಕ್ಕೆ ತನ್ನದೇ ಏರಿಳಿತವಿದೆ. ತಮಿಳಿನ ಪದಗಳೂ ಚಾಮರಾಜನಗರದ ರಾಗವೂ ಅದರಲ್ಲಿ ಕೂಡಿಕೊಂಡಿವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಚ್ಚಾದ ಪುಸ್ತಕದ ಕನ್ನಡದಲ್ಲಿ ಅದು ಬರುವುದಿಲ್ಲ. ಕೂಡಿ ಆಡುವಾಗ ಮಕ್ಕಳು ಚೌಕಾಸಿ ಮಾಡುತ್ತಾರೆ, ಬೈಯುತ್ತಾರೆ, ಗೋಗರೆಯುತ್ತಾರೆ, ಅಜ್ಜಿಯ ದನಿಯನ್ನು ಅನುಕರಿಸುತ್ತಾರೆ. ಇದೆಲ್ಲ ಅವರದೇ ಮಾತಿನಲ್ಲಿ ಆಗುತ್ತದೆ. ಪಾತ್ರ ತಳೆಯುವ ಕಲೆ ಜೊತೆಯಲ್ಲೇ ಕಲಿಯಬೇಕಾದ್ದು ಎಂಬುದಕ್ಕೆ ಈ ಸೀಮೆ ಕೊಟ್ಟ ಅತಿದೊಡ್ಡ ನಿದರ್ಶನವೂ ಇದೆ. ಗಾಜನೂರಿನ ಡಾ. ರಾಜ್‌ಕುಮಾರ್ ನಟನೆಯನ್ನು ಕನ್ನಡಿಯೆದುರು ಕಲಿತವರಲ್ಲ. ತಂದೆ ಪುಟ್ಟಸ್ವಾಮಯ್ಯನವರ ಬೆನ್ನಿಗೆ ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿ, ಹಿರಿಯರು ಮಾತೆತ್ತುವುದನ್ನೂ ಮಾತು ಬಿಟ್ಟುಕೊಡುವುದನ್ನೂ ನೋಡಿ ಕಲಿತವರು. ಒಂಟಿಯಾಟ ಈ ಕೊಡುಕೊಳ್ಳುವಿಕೆಯನ್ನು ಕಲಿಸಲಾರದು. ಈ ಒಂದು ವಿಷಯದಲ್ಲಿ ಅದರ ಪರವಾಗಿ ಹೇಳಲು ಹೆಚ್ಚೇನೂ ಇಲ್ಲ ಎಂದು ಒಪ್ಪಿಕೊಳ್ಳುವುದು ನ್ಯಾಯ.

ಖರ್ಚಿನ ಲೆಕ್ಕದಲ್ಲಿ ಎರಡು ಕಡೆಯೂ ಸಮ, ಆದ್ದರಿಂದ ಅದನ್ನು ಬೇಗ ಮುಗಿಸಬಹುದು. ಹತ್ತು ಮುಖ, ಇಪ್ಪತ್ತು ಮುಖದ ದಾಳಗಳನ್ನು ತರಿಸಬೇಕೆಂದಿಲ್ಲ. ಚೌಕಾಬಾರದ ನಾಲ್ಕು ಕವಡೆ ಅಥವಾ ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆ ಬೀಜ ಸಾಕು. ಅವು ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತವೆಂದು ಇಟ್ಟುಕೊಂಡರೆ 16 ಬಗೆಗಳಲ್ಲಿ 6ರಲ್ಲಿ ಎರಡು ಬೀಳುತ್ತದೆ, ಚೌಕ ಮತ್ತು ಬಾರ ಬೀಳುವುದು ತಲಾ ಒಂದೊಂದರಲ್ಲಿ. ಸಾಧಾರಣ ಫಲ ಹೆಚ್ಚು ಸಲ, ಅತಿಶಯದ ಫಲ ಅಪರೂಪಕ್ಕೆ ಬರಬೇಕೆಂಬ ಆಟದ ಅಗತ್ಯಕ್ಕೆ ಇದು ಹೇಳಿಮಾಡಿಸಿದಂತಿದೆ. ನಿಜವಾದ ಕವಡೆ ಅಷ್ಟು ಸಮವಾಗಿ ಬೀಳುವುದಿಲ್ಲ. ಹಾಗಾಗಿ ಪಟ್ಟಿ ಬರೆಯುವವರು ಮೊದಲು ಕವಡೆ ಹಾಕಿ ನೋಡಿ ಬರೆಯಬೇಕಾಗುತ್ತದೆ.

ಎರಡು ಪಕ್ಷಗಳೂ ಸಮಾನವಾಗಿ ಎದುರಿಸಬೇಕಾದ ಇನ್ನೊಂದು ಪ್ರಶ್ನೆ ಇದೆ, ಇದು ಹೆಚ್ಚು ಸೂಕ್ಷ್ಮ. ಸ್ಥಳೀಯ ಸಾಹಸ ಎಂದಕೂಡಲೇ ಮಾದಪ್ಪನ ಸಾಲುಗಳತ್ತ ಕೈ ಹೋಗುತ್ತದೆ. ಆದರೆ ಆ ಕಾವ್ಯ ಹಾಡುವವರಿಗೆ ಅದು ಕಸುಬಷ್ಟೇ ಅಲ್ಲ, ದೀಕ್ಷೆ ಪಡೆದು ಹೊತ್ತ ಹೊಣೆ. ಶ್ರವಣಾಸುರನನ್ನು ಮಣಿಸುವ ಕಥೆಯಲ್ಲಿ ದಾಳ ಕೆಟ್ಟು ಬಿದ್ದು ದೇವರು ಸೋತರೆ ಏನು ಮಾಡುವುದು? ಕೂಟದಲ್ಲಾದರೆ ಹಿರಿಯರೊಬ್ಬರು ‘ಬ್ಯಾಡ, ಹಂಗೆ ಆಡಬ್ಯಾಡಿ’ ಎಂದು ತಡೆಯಬಹುದು, ಕಥೆಯನ್ನು ಮೆತ್ತಗೆ ಬೇರೆ ಕಡೆ ತಿರುಗಿಸಬಹುದು. ಒಂಟಿ ಪುಸ್ತಕದಲ್ಲಿ ಆ ತಡೆಯನ್ನು ಬರೆಯುವಾಗಲೇ ಇಡಬೇಕು. ಮಾದಪ್ಪನನ್ನೇ ಪಾತ್ರವಾಗಿಸದೆ ಅವನ ಬೆಟ್ಟಕ್ಕೆ ನಡೆದುಹೋಗುವ ಪರಸೆಯವರನ್ನು, ಜೇನು ತೆಗೆಯುವವರನ್ನು, ಅಟ್ಟಣೆಯ ಕಾವಲಿನವರನ್ನು ಪಾತ್ರವಾಗಿಸಬಹುದು ಎಂಬ ಸಲಹೆ ವಿವೇಕದ್ದು. ಹಾಗೆ ಮಾಡಿದರೆ ಕಥೆಯ ಜೀವವನ್ನೇ ಹೊರಗಿಟ್ಟಂತಾಯಿತು ಎನ್ನುವವರೂ ಇದ್ದಾರು. ದೇವರು ಸೋಲುವ, ಅಳುವ, ಹಸಿಯುವ ಸನ್ನಿವೇಶಗಳಿಗೆ ನಮ್ಮ ಜನಪದ ಕಾವ್ಯಗಳು ಎಂದೂ ಹೆದರಿಲ್ಲ ಎಂಬ ಅವರ ಮಾತಿನಲ್ಲೂ ಹುರುಳಿದೆ.

ಇಷ್ಟನ್ನು ತೂಗಿದ ಮೇಲೆ ನನಗೆ ತೋರುವುದು ಹೀಗೆ, ಇದನ್ನು ಕಡೆಯ ಮಾತೆಂದು ಹೇಳುತ್ತಿಲ್ಲ. ತಾಳವಾಡಿಯಂಥ ಸೀಮೆಯಲ್ಲಿ ಮೊದಲು ಬರಬೇಕಾದ್ದು ಒಬ್ಬರು ಆಡಬಲ್ಲ ಪುಸ್ತಕವೇ. ಕೂಟಕ್ಕೆ ಬೇಕಾದ ಹೊತ್ತು, ಜಾಗ, ನಡೆಸಬಲ್ಲ ಮನುಷ್ಯ ಈ ಮೂರೂ ಒಟ್ಟಿಗೆ ಸಿಗುವವರೆಗೆ ಕಾಯುವುದೆಂದರೆ ಒಂದು ತಲೆಮಾರಿನ ಮಕ್ಕಳನ್ನು ಹೊರಗೆ ನಿಲ್ಲಿಸಿದಂತೆ. ಆದರೆ ಆ ಪುಸ್ತಕವನ್ನು ಒಬ್ಬರಿಗಾಗಿ ಮಾತ್ರ ಮುಚ್ಚಿ ಬರೆಯಬಾರದು. ಒಬ್ಬರು ಗಟ್ಟಿಯಾಗಿ ಓದಿದರೆ ಪಕ್ಕದಲ್ಲಿರುವ ಇನ್ನೊಬ್ಬರು ದಾರಿ ಆರಿಸುವಂತೆ ತುಣುಕುಗಳು ಚಿಕ್ಕದಾಗಿರಬೇಕು, ಬಾಯಲ್ಲಿ ಹೇಳಿದರೆ ಕಿವಿಗೆ ಹತ್ತುವಂತಿರಬೇಕು. ಅಕ್ಕ ಓದಿ ತಮ್ಮ ಕವಡೆ ಹಾಕಬಹುದು. ಓದು ಬಾರದ ಅಜ್ಜಿ ‘ಆ ಕಡೆ ಹೋಗಬ್ಯಾಡ, ಅಲ್ಲಿ ನೀರಿಲ್ಲ’ ಎನ್ನಬಹುದು. ಇಬ್ಬರ ಈ ಆಟ ರಾತ್ರಿ ಮನೆ ಬಿಟ್ಟು ಹೋಗುವುದನ್ನು ಬೇಡುವುದಿಲ್ಲ, ದೊಡ್ಡ ಕೂಟವನ್ನೂ ಬೇಡುವುದಿಲ್ಲ. ಆದರೂ ಒಪ್ಪದೆ ಅಡ್ಡಮಾತಾಡುವ ಒಂದು ದನಿ ಅಲ್ಲಿರುತ್ತದೆ. ಕೆಲವು ತುಣುಕುಗಳ ಕೊನೆಯಲ್ಲಿ ಅಂಕಿಯ ಬದಲು ಖಾಲಿ ಜಾಗ ಬಿಟ್ಟು, ಬರೆದಿಲ್ಲದ ದಾರಿಯನ್ನು ಆಡುವವರೇ ಹೇಳಲು ಎಡೆಮಾಡಿದರೆ ಎಲೆಯಡಿಕೆ ಹಂಚಿಕೊಳ್ಳುವ ದಾರಿಗೂ ಜಾಗ ಸಿಕ್ಕೀತು. ಹೀಗೆ ಆಡಿ ಬೆಳೆದವರಲ್ಲಿ ಒಬ್ಬಿಬ್ಬರಾದರೂ ಮುಂದೆ ನಾಲ್ವರನ್ನು ಕೂರಿಸಿ ಕಥೆ ನಡೆಸುವವರಾದಾರು. ಆ ಕೂಟ ಹಗಲಿನಲ್ಲಿ, ಶಾಲೆಯಲ್ಲಿ, ಎಲ್ಲ ಕೇರಿಯ ಮಕ್ಕಳೂ ಹಕ್ಕಿನಿಂದ ಕೂರುವ ಜಾಗದಲ್ಲಿ ನಡೆಯಬೇಕು. ಯಾರದೋ ಜಗಲಿಯಲ್ಲಿ ಅಲ್ಲ.

ಮೊದಲ ಪುಸ್ತಕ 400 ತುಣುಕಿನದಾಗಬೇಕಿಲ್ಲ. ಒಂದು ರಾತ್ರಿಯಲ್ಲಿ ಮುಗಿಯುವ ಒಂದೇ ಸಾಲು, ಅರವತ್ತೆಪ್ಪತ್ತು ತುಣುಕು ಸಾಕು. ಹಾಸನೂರಿನಿಂದ ತಲಮಲೆಗೋ, ಗಾಜನೂರಿನಿಂದ ಗುಮಟಾಪುರಕ್ಕೋ ಹೋಗುವ ಒಂದು ದಾರಿ. ಕರಡನ್ನು ಅಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಸಾಲನ್ನು ಅವರ ಮಾತಿಗೆ ತಿದ್ದಿಕೊಳ್ಳಬೇಕು. ಮಾದಪ್ಪನ ಹೆಸರು ಅದರಲ್ಲಿ ಬರಬೇಕೇ, ಬಂದರೆ ಎಷ್ಟು ದೂರದಿಂದ ಬರಬೇಕು ಎಂಬುದನ್ನು ಬರೆಯುವವರು ತಾವೇ ತೀರ್ಮಾನಿಸದೆ ಆ ಭಾಗದ ದೇವರಗುಡ್ಡರನ್ನು ಕೇಳಬೇಕು, ಅವರು ಬೇಡವೆಂದರೆ ಬಿಡಬೇಕು.